ಅಮ್ಮನ ಅಂಗಡಿ ಪುಸ್ತಕ ರದ್ದಿಗೆ ಹಾಕಬೇಡಿ

ತಾಯಿಯನ್ನು ಕಳೆದುಕೊಂಡವರಿಗೆ, ಅದರಲ್ಲೂ ಅವರು ಸ್ವಂತ ಅಂಗಡಿ ನಡೆಸಿದ್ದರೆ, ಒಂದು ಸಲಹೆ. ಅವರ ಸಾಲದ ಪುಸ್ತಕವನ್ನು ಜೋಪಾನ ಮಾಡಿ.

ನಮ್ಮಮ್ಮ ಮಂಡ್ಯದಲ್ಲಿ ನಿಪ್ಪಟ್ಟು, ಕೋಡುಬಳೆ ಮಾಡಿ ಮಾರುತ್ತಿದ್ದರು. ಕೋಳಿ ಕೂಗುವ ಮೊದಲೇ ಒಲೆ ಹಚ್ಚುತ್ತಿದ್ದರು. ಎಷ್ಟೇ ಕೆಲಸವಿದ್ದರೂ ತಮಾಷೆ ಬಿಟ್ಟವರಲ್ಲ. ಪುಸ್ತಕದಲ್ಲಿ ಗಿರಾಕಿಗಳ ಹೆಸರೇ ಇಲ್ಲ! ‘ಗಡಿಬಿಡಿ ಮೇಷ್ಟ್ರು’, ‘ನಾಳೆ ಕೊಡ್ತೀನಿ ಅಣ್ಣ’, ‘ಖಾರ ಜಾಸ್ತಿ ಅಕ್ಕ’ ಅಂತ ಬರೆದು ಪಕ್ಕದಲ್ಲಿ ಬಾಕಿ ಹಾಕಿದ್ದಾರೆ. ಅಮ್ಮನ ನಗು ಯಾವ ಫೋಟೋದಲ್ಲೂ ಇಷ್ಟು ಚೆನ್ನಾಗಿ ಸಿಕ್ಕಿಲ್ಲ.

ಪುಟಗಳನ್ನು ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ. ಮಾಸುತ್ತಿರುವ ಪುಟಗಳು ಮೊದಲು. ಲ್ಯಾಮಿನೇಷನ್ ಬೇಡವೇ ಬೇಡ, ಮತ್ತೆ ಬಿಡಿಸೋಕೆ ಆಗಲ್ಲ.

ಇದಕ್ಕಿಂತ ಅವಸರದ್ದು ಫೋನ್. 120 ದಿನ ಬಳಸದ ವಾಟ್ಸಾಪ್ ಖಾತೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಅವರು ನಿಮಗೆ ಕಳಿಸಿದ ವಾಯ್ಸ್ ಮೆಸೇಜುಗಳನ್ನು ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ, ಮೀಡಿಯಾ ಸಮೇತ ಬೇರೆ ಕಡೆ ಉಳಿಸಿ. ದನಿ ಒಮ್ಮೆ ಹೋದರೆ ಹೋಯಿತು, ಅಲ್ವಾ?

ಮರಣ ನೋಂದಣಿ 21 ದಿನದೊಳಗೆ ಆಗಬೇಕು. ತಿಂಡಿ ವ್ಯಾಪಾರ ಮುಂದುವರಿಸುವುದಾದರೆ, ಅವರ ಎಫ್ಎಸ್ಎಸ್ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ವಾರಸುದಾರರಿಗೆ 90 ದಿನ ನಡೆಯುತ್ತದೆ. ಅಷ್ಟರೊಳಗೆ ಕಚೇರಿಯಲ್ಲಿ ಕೇಳಿ ಅರ್ಜಿ ಹಾಕಿ.

ರುಚಿಯ ಅಳತೆಗೆ ಅಮ್ಮನ ಜೊತೆ ಕೆಲಸ ಮಾಡಿದವರನ್ನು ಈಗಲೇ ಕೇಳಿ. ಅವರು ‘ಒಂದು ಹಿಡಿ’ ಅಂದರೆ ಸುಮ್ನೆ ಬರೆದುಕೊಳ್ಳಬೇಡಿ. ಅವರ ಕೈಯಲ್ಲೇ ತೆಗೆಸಿ, ತಕ್ಕಡಿಗೆ ಹಾಕಿ, ಗ್ರಾಂ ಲೆಕ್ಕದಲ್ಲಿ ಬರೆಯಿರಿ.