ಕಾನ್‌ಕೂನ್‌ನಿಂದ ಬಸ್ಸಲ್ಲಿ ಚಿಚೆನ್ ಇಟ್ಜಾ: ಎರಡನೇ ಸಲ ಸರಿಯಾಗಿ ನೋಡಿದ್ದು

ಮೆಕ್ಸಿಕೋದಲ್ಲಿ ಅಲ್ಲಿನ ಮೂಲನಿವಾಸಿ ಮಾಯಾ ಜನ ಕಟ್ಟಿದ ಪುರಾತನ ಊರು ಚಿಚೆನ್ ಇಟ್ಜಾಗೆ ನಾನು ಎರಡು ಸಲ ಹೋಗಿದ್ದೇನೆ. ಎರಡು ಸಲವೂ ಕಡಲತೀರದ ಪ್ರವಾಸಿ ಊರು ಕಾನ್‌ಕೂನ್‌ನಿಂದ, ಗೈಡ್ ಇರುವ ಟೂರ್ ಬಸ್ಸಲ್ಲೇ. ಮೊದಲನೇ ಸಲ ನೋಡಿದ ಹಾಗೇ ಆಗಲಿಲ್ಲ. ಬೆಳಗ್ಗೆ ಏಳಕ್ಕೆ ಬಸ್ ಹತ್ತಿದೆವು, ಅದು ಒಂದೊಂದೇ ಹೋಟೆಲಿಗೆ ಹೋಗಿ ಜನರನ್ನು ತುಂಬಿಕೊಳ್ಳೋ ಹೊತ್ತಿಗೆ ಎಂಟೂವರೆ, ಆಮೇಲೆ ದಾರಿಯಲ್ಲಿ ಒಂದು ದೊಡ್ಡ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಇಳಿಸಿದರು, ಆಮೇಲೆ ಊಟ, ಆಮೇಲೆ ಈಜು, ಪಿರಮಿಡ್ಡಿನ ಮುಂದೆ ನಿಂತಾಗ ಮಧ್ಯಾಹ್ನ ಸುಡುಸುಡು ಬಿಸಿಲು. ಸಿಕ್ಕಿದ್ದು ಒಂದೂಕಾಲು ಗಂಟೆ. ಫೋಟೋ ತೆಗೆಸಿಕೊಂಡು ಓಡಿ ಬಂದೆವು. ಅಷ್ಟು ದೂರ ಹೋಗಿ ಹಾಗೆ ಬರಬೇಕಾಯಿತಲ್ಲ ಅಂತ ಬಹಳ ದಿನ ಬೇಜಾರಿತ್ತು.

ಎರಡನೇ ಸಲ ಅಮ್ಮ ಜೊತೆಗಿದ್ದರು. ಅವರು ಚಿತ್ರದುರ್ಗದಿಂದ ಡಲ್ಲಾಸ್‌ಗೆ ನಮ್ಮ ಮನೆಗೆ ಬಂದಿದ್ದರು. ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದುದರಿಂದ ಮೆಕ್ಸಿಕೋಗೆ ಬೇರೆ ವೀಸಾ ಮಾಡಿಸಬೇಕಾಗಲಿಲ್ಲ. ಈ ಸಲ ದುಡ್ಡು ಕಟ್ಟೋ ಮುಂಚೆ ಫೋನ್ ಮಾಡಿ ಕೇಳಿದೆ: ಮೊದಲು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ, ಒಳಗೆ ಎಷ್ಟು ಹೊತ್ತು ಬಿಡುತ್ತೀರಿ, ಟಿಕೆಟ್ ಸೇರಿದೆಯಾ. ಟಿಕೆಟ್ ವಿಷಯ ಕೇಳಲೇಬೇಕು. ಅಲ್ಲಿ ಕೇಂದ್ರ ಸರ್ಕಾರದ್ದೊಂದು, ಯುಕತಾನ್ ರಾಜ್ಯದ್ದೊಂದು, ಹೀಗೆ ಎರಡು ಶುಲ್ಕ ಇದೆ. ಕಡಿಮೆ ರೇಟು ಅಂತ ತೋರಿಸುವ ಎಷ್ಟೋ ಟೂರ್‌ಗಳಲ್ಲಿ ಇದು ಸೇರಿರುವುದಿಲ್ಲ. ಕೊನೆಗೆ ಸ್ವಲ್ಪ ಜಾಸ್ತಿ ಕೊಟ್ಟು, ಬೆಳಗ್ಗೆ ಆರಕ್ಕೆ ಹೊರಡುವ ಚಿಕ್ಕ ಬಸ್ ಹಿಡಿದೆವು.

ಗಡಿಯಾರದ್ದೊಂದು ವಿಷಯ ಇದೆ. ಕಾನ್‌ಕೂನ್ ಇರುವುದು ಕಿಂತಾನಾ ರೋ ರಾಜ್ಯದಲ್ಲಿ. ಅಲ್ಲಿನ ಸಮಯ, ಚಿಚೆನ್ ಇಟ್ಜಾ ಇರುವ ಪಕ್ಕದ ಯುಕತಾನ್‌ಗಿಂತ ಒಂದು ಗಂಟೆ ಮುಂದೆ. ಸುಮಾರು 200 ಕಿಲೋಮೀಟರ್ ದಾರಿ, ಎರಡೂವರೆ ಗಂಟೆ ಪ್ರಯಾಣ, ಆದರೂ ನಾವು ಮುಟ್ಟಿದಾಗ ಅಲ್ಲಿ ಇನ್ನೂ ಏಳೂವರೆ. ಎಂಟಕ್ಕೆ ಗೇಟ್ ತೆಗೆದರು. ವಾಪಸ್ ಬರುವಾಗ ಆ ಗಂಟೆ ಕಳೆದುಹೋಗುತ್ತೆ, ಹಾಗಾಗಿ ಅದೇ ದಿನ ಸಂಜೆ ವಿಮಾನ ಇಟ್ಟುಕೊಳ್ಳಬೇಡಿ.

ಬೆಳಗಿನ ಹೊತ್ತು ಅಲ್ಲಿ ಜನವೇ ಇರಲಿಲ್ಲ. ವ್ಯಾಪಾರಿಗಳು ಇನ್ನೂ ಮೇಜು ಜೋಡಿಸಿಕೊಳ್ಳುತ್ತಿದ್ದರು. ಕುಕುಲ್ಕಾನ್ ಪಿರಮಿಡ್ಡನ್ನು ಈಗ ಹತ್ತಲು ಬಿಡುವುದಿಲ್ಲ, ಕೆಳಗಿನಿಂದಲೇ ನೋಡಬೇಕು. ನಾಲ್ಕೂ ಕಡೆ 91 ಮೆಟ್ಟಿಲು, ಮೇಲಿನ ಕಟ್ಟೆ ಸೇರಿಸಿದರೆ 365. ವರ್ಷದ ದಿನಗಳನ್ನೇ ಕಲ್ಲಲ್ಲಿ ಕಟ್ಟಿದ್ದಾರೆ. ನಮ್ಮ ಗೈಡ್ ಮಾಯಾ ಮನೆತನದವರು, ಮನೆಯಲ್ಲಿ ಮಾಯಾ ಭಾಷೆಯನ್ನೇ ಆಡುತ್ತಾರಂತೆ. ಮಾಯಾ ಜನ ಅಳಿದುಹೋದರು ಅಂತ ಎಲ್ಲೋ ಓದಿಕೊಂಡು ಬಂದಿದ್ದ ನನ್ನ ಮಗನಿಗೆ ಅದೇ ದೊಡ್ಡ ಆಶ್ಚರ್ಯ. ಅವರು ಮೆಟ್ಟಿಲ ಎದುರು ನಿಂತು ಚಪ್ಪಾಳೆ ತಟ್ಟಿದರು. ಮೇಲಿನಿಂದ ಹಕ್ಕಿ ಕೂಗಿದ ಹಾಗೆ ಚಿಲಿಪಿಲಿ ಪ್ರತಿಧ್ವನಿ ಬಂತು. ಮಧ್ಯಾಹ್ನ ಗದ್ದಲದಲ್ಲಿ ಇದು ಕೇಳಿಸುವುದೇ ಕಷ್ಟ, ಹೋದ ಸಲ ನಮಗೆ ಕೇಳಿಸಿರಲೇ ಇಲ್ಲ. ಮಾಯಾ ಲೆಕ್ಕವನ್ನೂ ಮಣ್ಣಲ್ಲಿ ಬರೆದು ತೋರಿಸಿದರು: ಒಂದಕ್ಕೆ ಚುಕ್ಕೆ, ಐದಕ್ಕೆ ಗೆರೆ, ಸೊನ್ನೆಗೆ ಚಿಪ್ಪಿನ ಚಿತ್ರ. ಸೊನ್ನೆ ನಮ್ಮದು ಅಂತ ಹೆಮ್ಮೆಪಡುವ ನಾವು, ಭೂಮಿಯ ಇನ್ನೊಂದು ಕಡೆ ಇವರೂ ತಾವಾಗಿಯೇ ಅದನ್ನು ಕಂಡುಕೊಂಡಿದ್ದರು ಅಂತ ತಿಳಿದಾಗ ಖುಷಿಯೇ ಆಯಿತು. ಚೆಂಡಾಟದ ಅಂಗಳ 168 ಮೀಟರ್ ಉದ್ದ. ಅಲ್ಲಿ ಅರ್ಧ ಗಂಟೆ ಕಳೆದೆವು.

ಆದರೆ ನನಗೆ ಈ ಊರು ಅರ್ಥವಾದದ್ದು ಪಿರಮಿಡ್ಡಿನಿಂದಲ್ಲ, ಹೊಂಡದಿಂದ. ಉತ್ತರಕ್ಕೆ ಸುಮಾರು 300 ಮೀಟರ್ ನಡೆದರೆ ಒಂದು ದೊಡ್ಡ ಗುಂಡನೆ ಹೊಂಡ ಇದೆ. ಕಡಿದಾದ ಬಿಳಿ ಗೋಡೆ, ತಳದಲ್ಲಿ ಹಸಿರು ನೀರು. ಇಲ್ಲಿ ಈಜುವ ಹಾಗಿಲ್ಲ. ಮಳೆ ದೇವರು ಚಾಕ್‌ಗೆ ಬಂಗಾರ, ಹಸಿರು ಕಲ್ಲು, ಧೂಪ, ಮನುಷ್ಯರನ್ನೂ ಇದರೊಳಗೆ ಅರ್ಪಿಸುತ್ತಿದ್ದರು. ನೂರು ವರ್ಷಕ್ಕೂ ಹಿಂದೆ ತಳ ಕೆದಕಿದಾಗ ಅವೆಲ್ಲ ಸಿಕ್ಕಿವೆ. ಅಮ್ಮ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದರು. "ಇಲ್ಲಿ ಹೊಳೆ ಎಲ್ಲಿದೆ?" ಅಂತ ಕೇಳಿದರು. ಹೊಳೆಯೇ ಇಲ್ಲ. ಯುಕತಾನ್‌ನ ಈ ಭಾಗವೆಲ್ಲ ಸುಣ್ಣಕಲ್ಲಿನ ನೆಲ, ಬಿದ್ದ ಮಳೆ ಸೀದಾ ಕೆಳಗೆ ಇಳಿದು, ಕಲ್ಲನ್ನೇ ಕರಗಿಸಿ ಗುಹೆ ಮಾಡಿಕೊಂಡು ಅಲ್ಲೇ ಹರಿಯುತ್ತೆ. ಗುಹೆಯ ಚಾವಣಿ ಕುಸಿದ ಕಡೆ ನೀರು ಕಾಣಿಸುತ್ತೆ. ಅದನ್ನೇ ಮಾಯಾ ಭಾಷೆಯಲ್ಲಿ ತ್ಸೋನೋತ್ ಅನ್ನುತ್ತಾರೆ, ಸ್ಪ್ಯಾನಿಷ್ ಬಾಯಲ್ಲಿ ಸೆನೋಟೆ ಆಗಿದೆ. ಚಿಚೆನ್ ಇಟ್ಜಾ ಅಂದರೆ ಇಟ್ಜಾ ಜನರ ಬಾವಿಯ ಬಾಯಿ ಅಂತ. ಆ ದೊಡ್ಡ ಪಿರಮಿಡ್ಡಿನ ಅಡಿಯಲ್ಲೂ ಒಂದು ಸೆನೋಟೆ ಇದೆ ಅಂತ 2015ರಲ್ಲಿ ಮೆಕ್ಸಿಕೋದ ವಿಜ್ಞಾನಿಗಳು ಪತ್ತೆಮಾಡಿದರು. "ನೀರು ಇದ್ದ ಕಡೆ ತಾನೇ ಊರು" ಅಂದರು ಅಮ್ಮ. ಅಕ್ಕ ತಂಗಿ ಹೊಂಡದ ಕೋಟೆ ನೋಡುತ್ತಾ ಬೆಳೆದವರು, ಅವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹನ್ನೊಂದೂವರೆಗೆ ಹೊರಬಂದಾಗ ಗೇಟ್ ಹತ್ತಿರ ದೊಡ್ಡ ಬಸ್ಸುಗಳ ಸಾಲು. ನಮ್ಮದು ಅಲ್ಲೇ ಹತ್ತಿರದ ಇಕ್ ಕಿಲ್ ಸೆನೋಟೆಗೆ ಹೋಯಿತು. ಇದು ಈಜಲು ಇರುವುದು. ನೆಲಮಟ್ಟದಿಂದ ಸುಮಾರು 26 ಮೀಟರ್ ಕೆಳಗೆ ನೀರು, ಮೇಲಿನಿಂದ ಬಳ್ಳಿ ಬೇರುಗಳು ನೀರಿನ ತನಕ ಇಳಿಬಿದ್ದಿರುತ್ತವೆ. ಮೆಟ್ಟಿಲು ಒದ್ದೆ, ಜಾರುತ್ತೆ. ಅಮ್ಮನಿಗೆ ಮಂಡಿ ನೋವು, ಅವರು ಮೇಲೆ ನಿಂತೇ ನೋಡಿದರು, ಅಲ್ಲಿಂದಲೂ ಚೆನ್ನಾಗಿ ಕಾಣುತ್ತೆ. ಇಳಿಯುವ ಮುಂಚೆ ಷವರ್‌ನಲ್ಲಿ ಮೈ ತೊಳೆದುಕೊಳ್ಳಲೇಬೇಕು. ಸನ್‌ಸ್ಕ್ರೀನ್ ಹಚ್ಚಿಕೊಂಡು ನೀರಿಗೆ ಇಳಿಯಬೇಡಿ, ದಯವಿಟ್ಟು. ಭೂಮಿಯೊಳಗೆ ಹರಿಯುವ ನೀರು ಅದು, ಒಂದು ಕಡೆ ಕೆಟ್ಟರೆ ಅಲ್ಲಿಗೇ ನಿಲ್ಲುವುದಿಲ್ಲ. ನಾನು ಉದ್ದ ತೋಳಿನ ಈಜು ಅಂಗಿ ಒಯ್ದಿದ್ದೆ, ಬಿಸಿಲಿಗೂ ಅದೇ ಸಾಕಾಯಿತು. ಈಜು ಬಂದರೂ ಲೈಫ್ ಜಾಕೆಟ್ ಹಾಕಿಕೊಳ್ಳಿ, ಕೆಳಗೆ 40 ಮೀಟರಿಗಿಂತ ಜಾಸ್ತಿ ಆಳ ಇದೆ. ನೀರು ತಣ್ಣಗೆ. ಬೆನ್ನ ಮೇಲೆ ತೇಲುತ್ತಾ ಮೇಲೆ ನೋಡಿದರೆ ಗುಂಡನೆ ಆಕಾಶ, ಅದರ ಅಂಚಿನಲ್ಲಿ ಚಿಕ್ಕದಾಗಿ ಅಮ್ಮ ಕೈ ಬೀಸುತ್ತಿದ್ದರು.

ಊಟದಲ್ಲಿ ಸಸ್ಯಾಹಾರಿಗಳು ಕೇಳಿ ತಿನ್ನಬೇಕು, ಕಾಳಿನ ಪಲ್ಯಕ್ಕೂ ಹಂದಿ ಕೊಬ್ಬು ಹಾಕುವ ಕಡೆ ಇದೆ. "ಸಿನ್ ಕಾರ್ನೆ, ಸಿನ್ ಮಾಂತೇಕಾ" ಅಂದರೆ ಮಾಂಸ ಬೇಡ, ಕೊಬ್ಬು ಬೇಡ ಅಂತ. ಅಮ್ಮ ಅನ್ನ ಮತ್ತು ಬಿಸಿ ತೋರ್ತಿಯಾ, ಅಂದರೆ ಮೆಕ್ಕೆಜೋಳದ ರೊಟ್ಟಿ, ತಿಂದರು. ಮೆಕ್ಕೆಜೋಳ ನಮ್ಮ ದೇಶಕ್ಕೆ ಬಂದದ್ದೇ ಈ ಕಡೆಯಿಂದ ಅಂದಾಗ, ತೋರ್ತಿಯಾ ತಟ್ಟುತ್ತಿದ್ದ ಹೆಂಗಸಿನ ಕೈಯನ್ನೇ ನೋಡುತ್ತಾ ನಿಂತರು.

ವಯ್ಯದೋಲಿದ್ ಊರಲ್ಲಿ ಅರ್ಧ ಗಂಟೆ ಇಳಿಸಿದರು. ಅಲ್ಲಿ ಚೌಕದ ಕಲ್ಲು ಬೆಂಚಿನ ಮೇಲೆ ಕೂತು ಅಮ್ಮ ಗೈಡನ್ನು ಕೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ: ನಿಮ್ಮೂರಲ್ಲೂ ಇಂಥ ಹೊಂಡ ಇದೆಯಾ? ಇದೆ, ಚಿಕ್ಕವನಿದ್ದಾಗ ಅಲ್ಲೇ ಈಜು ಕಲಿತೆ ಅಂದರು. ಅಮ್ಮ ಕೋಟೆಯ ಹೊಂಡಗಳ ಬಗ್ಗೆ ಹೇಳಿದರು. ಗೈಡ್ ಕೇಳಿದ್ದು ಒಂದೇ, ಬೇಸಿಗೆಯಲ್ಲೂ ನೀರಿರುತ್ತಾ ಅಂತ.