ಹಿತ್ತಿಲ ಹುಲ್ಲು ಮತ್ತು ನೈಲಾನ್ ದಾರದ ಮಷೀನ್: ನನ್ನ ಅನುಭವ

ಕಲಬುರಗಿಯ ಎರೆ ಮಣ್ಣಿಗೆ ನಾಲ್ಕು ಮಳೆ ಬಿದ್ದರೆ ಸಾಕು, ಮನೆ ಸುತ್ತ ಕಸ ಎದ್ದು ನಿಲ್ಲುತ್ತದೆ. ಶ್ರಾವಣದ ಹೊತ್ತಿಗೆ ಮೊಣಕಾಲುದ್ದ. ಸೇಡಂ ರಸ್ತೆ ಕಡೆ ಇರುವ ನಮ್ಮ ಮನೆಯ ಹಿತ್ತಿಲಲ್ಲಿ ಮೊದಲು ಕುಡುಗೋಲು, ಕುರ್ಪಿ ಹಿಡಿದೇ ತೆಗೆಯುತ್ತಿದ್ದೆವು. ಈಗ ನಾನು ನೈಲಾನ್ ದಾರ ತಿರುಗುವ ಪೆಟ್ರೋಲ್ ಬ್ರಷ್ ಕಟರ್ ಬಳಸುತ್ತೇನೆ. ಈ ಮಷೀನ್‌ನ ದಾರಕ್ಕಿಂತ, ಆ ದಾರ ಬಡಿದು ಹಾರಿಸುವ ಕಲ್ಲಿಗೇ ಜಾಸ್ತಿ ಹೆದರಬೇಕು.

ಮನೆ ಕಟ್ಟಿದಾಗ ಉಳಿದ ಶಹಾಬಾದ್ ಕಲ್ಲಿನ ಚೂರುಗಳು ನಮ್ಮೂರಿನ ಎಷ್ಟೋ ಹಿತ್ತಿಲುಗಳಲ್ಲಿ ಬಿದ್ದಿರುತ್ತವೆ. ತೆಳ್ಳಗಿರುತ್ತವೆ, ಅಂಚು ಚೂಪು. ಹುಲ್ಲಿನ ಬುಡದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಮಷೀನ್ ಮುಟ್ಟುವ ಮೊದಲು ಉದ್ದ ಕೋಲಿನಿಂದ ನೆಲ ಬಡಿಯುತ್ತಾ ಇಡೀ ಜಾಗ ಸುತ್ತುತ್ತೇನೆ. ಕಲ್ಲು, ಗಾಜು, ತಂತಿ ತುಂಡು ಎಲ್ಲ ಬುಟ್ಟಿಗೆ. ಹಾವಿದ್ದರೆ ಅದಕ್ಕೂ ಸರಿದು ಹೋಗಲು ಸಮಯ ಸಿಗುತ್ತದೆ. ಕತ್ತರಿಸುವುದನ್ನೂ ಮನೆ ಗೋಡೆಯಿಂದ ಶುರು ಮಾಡಿ ಬೇಲಿ ಕಡೆಗೆ ಹೋಗುತ್ತೇನೆ. ಬೇಲಿಯಿಂದ ಶುರು ಮಾಡಿದರೆ ಹಾವು, ಚೇಳು ಮನೆ ಕಡೆಗೇ ಬರುತ್ತವೆ, ಅಲ್ವಾ?

ಗಮ್ ಬೂಟು, ದಪ್ಪ ಪ್ಯಾಂಟು, ಕೈಗವಸು, ಕಿವಿಗೆ ಮಫ್, ಕಣ್ಣಿಗೆ ಪಕ್ಕವೂ ಮುಚ್ಚುವ ಕನ್ನಡಕ. ಸೆಕೆ ಅಂತ ಕನ್ನಡಕ ತೆಗೆದಿಡುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಸೆಕೆ ತಡೆಯಲಾಗದಿದ್ದರೆ ಬೆಳಿಗ್ಗೆ ಬೇಗ ಮುಗಿಸಿ. 15 ಮೀಟರ್ ಒಳಗೆ ಯಾರೂ ಇರಬಾರದು. ಹಿತ್ತಿಲು ಚಿಕ್ಕದಾದ್ದರಿಂದ ಪಕ್ಕದ ಮನೆಯವರಿಗೆ ಮೊದಲೇ ಹೇಳುತ್ತೇನೆ: "ಅಕ್ಕಾ, ಹುಲ್ಲು ಹೊಡೀತೀನಿ, ಮಕ್ಕಳನ್ನ ಸ್ವಲ್ಪ ಹೊತ್ತು ಒಳಗೆ ಕರಕೊಳ್ರಿ."

ಇನ್ನು ದಾರ. ಪದೇ ಪದೇ ತುಂಡಾಗುತ್ತದೆ ಅಂತ ಕೆಲವರು ಬೈಕಿನ ಕ್ಲಚ್ ವೈರ್ ಕಟ್ಟುತ್ತಾರೆ. ಇದು ಬಹಳ ಅಪಾಯ. ವೈರ್‌ನ ತುಂಡು ಕಿತ್ತು ಬಂದರೆ ಗುಂಡಿನಂತೆ ಹಾರುತ್ತದೆ. ದಾರ ತುಂಡಾಗಲು ನಮ್ಮ ಬಿಸಿಲೂ ಒಂದು ಕಾರಣ. ನೈಲಾನ್ ಗಾಳಿಯ ತೇವ ಹೀರುವ ವಸ್ತು. ಬೇಸಿಗೆಯಿಡೀ ತಗಡಿನ ಶೆಡ್ಡಿನಲ್ಲಿ ಒಣಗಿದರೆ ಪೆಡಸಾಗುತ್ತದೆ. ಮಷೀನ್‌ನ ಕೆಳತುದಿಯಲ್ಲಿ ತಿರುಗುವ ತಲೆಗೆ ಹೊಸ ದಾರ ಸುತ್ತುವ ಹಿಂದಿನ ರಾತ್ರಿ ನಾನು ಅದನ್ನು ನೀರಲ್ಲಿ ನೆನೆಸಿಡುತ್ತೇನೆ. ಮೆತ್ತಗಾಗುತ್ತದೆ, ಬಾಳಿಕೆಯೂ ಬರುತ್ತದೆ. ನನ್ನ ಮಷೀನ್‌ಗೆ 2.4 ಮಿ.ಮೀ. ದಪ್ಪದ್ದು ಸರಿಹೊಂದುತ್ತದೆ. ಸುತ್ತುವಾಗ ತಲೆಯ ಮೇಲಿನ ಬಾಣದ ಗುರುತು ನೋಡಿ ಸುತ್ತಿ. ದಾರ ಹೊರಬರಲು ತಲೆಯನ್ನು ಮಣ್ಣಿಗೆ ಮಾತ್ರ ತಟ್ಟಿ, ಕಲ್ಲಿಗೆ ತಟ್ಟಿದರೆ ತಲೆಯ ಅಡಿಯಲ್ಲಿರುವ ಗುಂಡಿ (ಬಟನ್) ಒಡೆಯುತ್ತದೆ.

ಕತ್ತರಿಸುವುದು ದಾರದ ತುದಿ. ತಲೆಯನ್ನು ಹುಲ್ಲಿನೊಳಗೆ ತುರುಕಿದರೆ ಹುಲ್ಲು ಸುತ್ತಿಕೊಂಡು ಎಂಜಿನ್ ಏದುತ್ತದೆ. ನನ್ನದರ ತಲೆ ಮೇಲಿಂದ ನೋಡಿದರೆ ಎಡಕ್ಕೆ ತಿರುಗುತ್ತದೆ, ಆದ್ದರಿಂದ ಬಲದಿಂದ ಎಡಕ್ಕೆ ಬೀಸುವಾಗ ಕತ್ತರಿಸುತ್ತೇನೆ. ಹುಲ್ಲು ಎತ್ತರವಿದ್ದರೆ ಮೊದಲು ಅರ್ಧ, ಆಮೇಲೆ ಬುಡ. ನೆಲ ಕಾಣುವಂತೆ ಕೆರೆಯುವುದಿಲ್ಲ, ಎರಡು ಇಂಚು ಬಿಡುತ್ತೇನೆ. ಮಳೆ ನಿಂತ ಕೂಡಲೇ ಇಳಿಯುವುದೂ ಬೇಡ, ಬೂಟಿಗೆ ಎರೆ ಮಣ್ಣು ಮೆತ್ತಿ ಕಾಲು ಜಾರುತ್ತದೆ.

ನಿಂಬೆ, ಕರಿಬೇವಿನ ಎಳೆ ಗಿಡಗಳ ಸುತ್ತ ಒಂದು ಅಡಿ ಕೈಯಿಂದಲೇ ಕೀಳುತ್ತೇನೆ. ದಾರ ತಾಗಿ ತೊಗಟೆ ಸುತ್ತಲೂ ಸುಲಿದರೆ ಗಿಡ ಒಣಗುತ್ತದೆ, ಅಷ್ಟು ವರ್ಷ ನೀರು ಹಾಕಿದ್ದು ವ್ಯರ್ಥ. ಕಾಂಗ್ರೆಸ್ ಕಸಕ್ಕೂ ಮಷೀನ್ ಹಾಕುವುದಿಲ್ಲ. ಅದರ ಪುಡಿ ಮುಖಕ್ಕೆ, ಎದೆಗೆ ಹೋದರೆ ತುರಿಕೆ, ಉಬ್ಬಸ ಬರಬಹುದು, ಬುಡದಿಂದ ಮತ್ತೆ ಚಿಗುರುತ್ತದೆ ಕೂಡ. ಹೂ ಬಿಡುವ ಮುಂಚೆ, ಮಣ್ಣು ಹಸಿ ಇರುವಾಗ, ಕೈಗವಸು ಹಾಕಿ ಬೇರು ಸಮೇತ ಕೀಳುವುದೇ ಸರಿ.

ನನ್ನ ಮಷೀನ್‌ನದು ಟೂ ಸ್ಟ್ರೋಕ್ ಎಂಜಿನ್, ಅಂದರೆ ಪೆಟ್ರೋಲಲ್ಲೇ ಆಯಿಲ್ ಬೆರೆಸಿ ಹಾಕುವಂಥದ್ದು. ಅದರ ಪುಸ್ತಕದಲ್ಲಿ 50:1 ಅಂತಿದೆ, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್. ಕೆಲವು ಮಷೀನ್‌ಗೆ 25:1 ಬೇಕು, ಫೋರ್ ಸ್ಟ್ರೋಕ್‌ಗೆ ಪೆಟ್ರೋಲಲ್ಲಿ ಆಯಿಲ್ ಬೆರೆಸಲೇಬಾರದು. ನಿಮ್ಮ ಪುಸ್ತಕ ನೋಡಿ. ಬಿಸಿ ಎಂಜಿನ್‌ಗೆ ಪೆಟ್ರೋಲ್ ಹಾಕಬೇಡಿ, ಆರಲು ಬಿಡಿ. ದೀಪಾವಳಿ ಮುಗಿದು ಹುಲ್ಲು ಒಣಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುತ್ತೇನೆ. ಹಳೇ ಪೆಟ್ರೋಲ್ ಕಾರ್ಬುರೇಟರ್‌ನಲ್ಲಿ ಅಂಟಾಗಿ ಕೂತರೆ ಮುಂದಿನ ಜೂನ್‌ನಲ್ಲಿ ಎಷ್ಟು ಹಗ್ಗ ಎಳೆದರೂ ಶುರುವಾಗುವುದಿಲ್ಲ.