ಡಿಪ್‌ಸ್ಟಿಕ್ ತೂತಿನಿಂದ ಎಂಜಿನ್ ಆಯಿಲ್ ಬದಲಾಯಿಸಿದ ನನ್ನ ಅನುಭವ

ಕಳೆದ ತಿಂಗಳು ನನ್ನ ಕಾರು 83,000 ಕಿಲೋಮೀಟರ್ ದಾಟಿದಾಗ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೇ, ಗಾಡಿಯ ಕೆಳಗೆ ನುಸುಳದೆ, ಜಾಕ್ ಹಾಕದೆ, ನೆಲಕ್ಕೆ ಒಂದು ಹನಿಯೂ ಚೆಲ್ಲದೆ, ಮುಕ್ಕಾಲು ಗಂಟೆಯೊಳಗೆ ಎಂಜಿನ್ ಆಯಿಲ್ ಬದಲಾಯಿಸಿ ಮುಗಿಸಿದೆ. ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್‌ನ ತೂತಿಗೆ ಟ್ಯೂಬ್ ಇಳಿಸಿ ಹಳೆಯ ಆಯಿಲನ್ನು ಮೇಲಿನಿಂದಲೇ ಹೀರುವ ಈ ಕ್ರಮವನ್ನು ನಾಲ್ಕು ವರ್ಷಗಳ ಹಿಂದೆ ನಾನು ಪ್ರಸ್ತಾಪಿಸಿದಾಗ, ನಮ್ಮ ಭಾವ "ಎಳನೀರು ಕುಡಿದ ಹಾಗೆ ಸ್ಟ್ರಾ ಹಾಕಿ ಎಂಜಿನ್ ಆಯಿಲ್ ಹೀರ್ತೀಯೇನಪ್ಪಾ?" ಎಂದು ಊಟದ ನಡುವೆಯೇ ನಕ್ಕಿದ್ದರು. ಕಲಾಸಿಪಾಳ್ಯದ ಹತ್ತಿರ ಗ್ಯಾರೇಜು ಇಟ್ಟುಕೊಂಡಿರುವ, ನಾನು ಬಹಳ ಕಾಲದಿಂದ ನಂಬಿರುವ ಮೆಕ್ಯಾನಿಕ್ ನಗಲಿಲ್ಲವಾದರೂ, "ಗಷ್ಟೆಲ್ಲಾ ಚೇಂಬರ್ ಅಡೀಲೇ ಉಳ್ಕೊಳ್ಳುತ್ತೆ ಸಾರ್, ಎಂಜಿನ್ ಹಾಳಾದ್ರೆ ನನ್ನ ಕೇಳ್ಬೇಡಿ" ಎಂದು ಕೈ ತೊಳೆದುಕೊಂಡಿದ್ದರು. ಗಷ್ಟೆಂದರೆ ತಳ ಸೇರಿದ ಕೊಳೆ, ಚೇಂಬರೆಂದರೆ ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ. ಭಾವ, ಮೆಕ್ಯಾನಿಕ್ ಇಬ್ಬರಿಗೂ ಈಗ ಉತ್ತರ ಸಿಕ್ಕಿದೆ.

ಹವ್ಯಾಸಕ್ಕಾಗಿ ನಾನು ಈ ದಾರಿ ಹಿಡಿದವನಲ್ಲ. ನನ್ನದು 2015ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್ ಎಂಜಿನ್, ಫಿಲ್ಟರ್ ಸೇರಿ ಹಿಡಿಯುವ ಆಯಿಲ್ ಸುಮಾರು 3.1 ಲೀಟರ್. ಸುಮಾರು 48,000 ಕಿಲೋಮೀಟರ್ ಆಗಿದ್ದಾಗ ಒಂದು ಸರ್ವಿಸ್ ಸೆಂಟರಿನಲ್ಲಿ ಯಾರೋ ಪುಣ್ಯಾತ್ಮರು, ಹಳೆಯ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟನ್ನು ಗಾಳಿಯ ಗನ್ನಿನಿಂದ ಬಿಗಿದು ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ಡನ್ನೇ ಕಿತ್ತುಬಿಟ್ಟರು. ಕೇಳಿದ್ದಕ್ಕೆ ಅದು ಮೊದಲೇ ಹಾಗಿತ್ತೆಂಬ ಉತ್ತರ ಬಂತು. ಹೊಸ ಚೇಂಬರ್, ಕೂಲಿ ಎಲ್ಲ ಸೇರಿ ಏಳು ಸಾವಿರದ ಮೇಲೆ ಹೇಳಿದರು. ಕಲಾಸಿಪಾಳ್ಯದ ಮೆಕ್ಯಾನಿಕ್ ಲೇತಿನವನಿಂದ ಒಂದು ಸುತ್ತು ದಪ್ಪದ ಬೋಲ್ಟ್ ಮಾಡಿಸಿ ಹಾಕಿ, "ಇದನ್ನು ಪದೇ ಪದೇ ಬಿಚ್ಚಬೇಡಿ" ಎಂದು ಎಚ್ಚರಿಸಿ, ಐನೂರು ರೂಪಾಯಿಗೆ ಕೆಲಸ ಮುಗಿಸಿದರು. ಆ ಮಾತನ್ನು ನಾನು ಅಕ್ಷರಶಃ ತೆಗೆದುಕೊಂಡೆ. ಬಿಚ್ಚಬಾರದ ಬೋಲ್ಟನ್ನು ಬಿಚ್ಚದೆಯೇ ಆಯಿಲ್ ತೆಗೆಯುವುದು ಹೇಗೆ ಎಂಬ ಪ್ರಶ್ನೆಯೇ ನನ್ನನ್ನು ಡಿಪ್‌ಸ್ಟಿಕ್ ತೂತಿನ ಕಡೆಗೆ ಕರೆದೊಯ್ದದ್ದು.

ಮೊದಲ ಪ್ರಯತ್ನ 55,000ದ ಆಸುಪಾಸಿನಲ್ಲಿ ನಡೆಯಿತು ಮತ್ತು ನಗೆಪಾಟಲಾಯಿತು. ಬ್ಯಾಟರಿಗೆ ಸಿಕ್ಕಿಸುವ 12 ವೋಲ್ಟಿನ ಪುಟ್ಟ ಪಂಪನ್ನು 950 ರೂಪಾಯಿ ಕೊಟ್ಟು ತರಿಸಿದೆ. ಅದರ ಜೊತೆಗೆ ಬಂದ ಟ್ಯೂಬ್ ಡಿಪ್‌ಸ್ಟಿಕ್ ತೂತಿಗೆ ದಪ್ಪವಾದದ್ದರಿಂದ, ಅಲಂಕಾರದ ಮೀನು ಮಾರುವ ಅಂಗಡಿಯಿಂದ ಗಾಳಿಯ ಸಿಲಿಕೋನ್ ಟ್ಯೂಬ್ ತಂದು ಜೋಡಿಸಿದೆ. ಪಂಪು ಹೀರಲಾರಂಭಿಸಿದೊಡನೆ ಆ ಮೆತ್ತಗಿನ ಟ್ಯೂಬಿನ ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ಹಪ್ಪಳದಂತೆ ಚಪ್ಪಟೆಯಾದವು. ಇಪ್ಪತ್ತು ನಿಮಿಷದಲ್ಲಿ ಕಾಫಿ ಲೋಟದಷ್ಟು ಆಯಿಲ್ ಬಂತು, ಪಂಪಿನಿಂದ ಸುಟ್ಟ ವಾಸನೆಯೂ ಬಂತು. ಅಂದು ತಲೆ ತಗ್ಗಿಸಿಕೊಂಡು ಗ್ಯಾರೇಜಿಗೆ ಹೋಗಿ ದಪ್ಪ ಬೋಲ್ಟನ್ನೇ ಬಿಚ್ಚಿಸಬೇಕಾಯಿತು.

ನಂತರ ಕೈಯಿಂದ ಒತ್ತಿ ನಿರ್ವಾತ ಮಾಡುವ, ಆರು ಲೀಟರ್ ಹಿಡಿಯುವ ಡಬ್ಬಿಯ ಪಂಪನ್ನು ಸುಮಾರು 2,700ಕ್ಕೆ ಕೊಂಡೆ. ಅದರ ಕೈಪಿಡಿಯಲ್ಲಿ, ನಿರ್ವಾತ ಅಳೆಯುವ ಮುಳ್ಳು 28 ಅಂಗುಲ ಪಾದರಸದವರೆಗೆ ಏರಬೇಕೆಂದಿತ್ತು. ನನ್ನದು ಎಷ್ಟು ಒತ್ತಿದರೂ 25ರ ಮೇಲೆ ಏರಲಿಲ್ಲ. ಸೋರಿಕೆಯಿದೆ ಎಂದು ಭಾವಿಸಿ 340 ರೂಪಾಯಿ ಕೊರಿಯರ್ ತೆತ್ತು ಹಿಂದಿರುಗಿಸಿದೆ. ಬದಲಿಗೆ ಬಂದದ್ದೂ 25ಕ್ಕೇ ನಿಂತಿತು. ಕೊನೆಗೆ ಫೋನಿನ ಬ್ಯಾರೋಮೀಟರ್ ತೆರೆದು ನೋಡಿದಾಗ ನಮ್ಮ ಮನೆಯಲ್ಲಿ ಗಾಳಿಯ ಒತ್ತಡ 910 ಮಿಲಿಬಾರಿನಷ್ಟಿತ್ತು, ಸಮುದ್ರ ಮಟ್ಟದಲ್ಲಿ ಅದು 1,013ರ ಸುಮಾರಿಗಿರುತ್ತದೆ. ಡಬ್ಬಿಯೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಎಷ್ಟು ಕಡಿಮೆ ಎಂಬುದನ್ನೇ ಮುಳ್ಳು ತೋರಿಸುವುದು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಪರಿಪೂರ್ಣ ನಿರ್ವಾತ ಮಾಡಿದರೂ ಮುಳ್ಳು 27ನ್ನು ದಾಟುವುದಿಲ್ಲ. ಪಂಪು ಸರಿಯಾಗಿಯೇ ಇತ್ತು. ಆ 340 ರೂಪಾಯಿಯನ್ನು ನಾನು ನಮ್ಮ ಊರಿನ ಎತ್ತರಕ್ಕೆ ಕಟ್ಟಿದ ತೆರಿಗೆಯೆಂದು ಲೆಕ್ಕದಲ್ಲಿ ಬರೆದುಕೊಂಡಿದ್ದೇನೆ.

ಎರಡನೆಯ ಪ್ರಯತ್ನವಾದ 62,000ದ ಆ ಭಾನುವಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾನು ಕಲಿತದ್ದೆಲ್ಲ ಅಂದೇ. ಈ ಬಾರಿ ಪಾರದರ್ಶಕ ಪಿವಿಸಿ ಟ್ಯೂಬ್ ಬಳಸಿದೆ. ಆಯಿಲ್ ಸೊಗಸಾಗಿ ಏರಿ ಬಂತು, ಒಂದು ಹಂತದಲ್ಲಿ ಗೊರಗೊರ ಶಬ್ದ ಮಾಡಿ ಗಾಳಿ ಎಳೆಯತೊಡಗಿತು, ಖಾಲಿಯಾಯಿತೆಂದು ನಾನು ಹಿಗ್ಗಿದೆ. ಫಿಲ್ಟರ್ ಬದಲಾಯಿಸಿ, ಹೊಸ ಆಯಿಲ್ ಮೂರು ಲೀಟರ್ ಸುರಿದು, ಎಂಜಿನ್ ಚಾಲೂ ಮಾಡಿದ ಎರಡನೆಯ ಸೆಕೆಂಡಿಗೆ ಫಿಲ್ಟರಿನ ಸುತ್ತಿನಿಂದ ಆಯಿಲ್ ಬುಗ್ಗೆಯಂತೆ ಚಿಮ್ಮಿತು. ಬಲ್ಲವರು ಇಷ್ಟರಲ್ಲೇ ಊಹಿಸಿರುತ್ತಾರೆ: ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು, ಅದರ ಮೇಲೆಯೇ ನಾನು ಹೊಸದನ್ನು ಕೂರಿಸಿದ್ದೆ. ಅರ್ಧ ಲೀಟರಿನಷ್ಟು ಹೊಸ ಆಯಿಲ್ ಬೇಸ್‌ಮೆಂಟಿನ ನೆಲದ ಮೇಲೆ ಹರಡಿಕೊಂಡಿತು. ವಾಚ್‌ಮನ್ ಎಲ್ಲಿಂದಲೋ ಒಂದು ಚೀಲ ಮರದ ಹೊಟ್ಟು ತಂದುಕೊಟ್ಟು ನನ್ನ ಮಾನ ಉಳಿಸಿದರು, ಅಸೋಸಿಯೇಶನ್ನಿನವರು ಮಾತ್ರ ಐನೂರು ರೂಪಾಯಿ ದಂಡ ಹಾಕುವುದನ್ನು ಬಿಡಲಿಲ್ಲ.

ಆದರೆ ಆ ಅನಾಹುತವೇ ನನಗೆ ಸುಳಿವು ಕೊಟ್ಟಿತು. ಬಳೆ ತೆಗೆದು, ಒರೆಸಿ, ಫಿಲ್ಟರನ್ನು ಸರಿಯಾಗಿ ಕೂರಿಸಿ ಡಿಪ್‌ಸ್ಟಿಕ್ ನೋಡಿದರೆ, ಅರ್ಧ ಲೀಟರ್ ನೆಲದ ಪಾಲಾದ ಮೇಲೂ ಮಟ್ಟ ಮೇಲಿನ ಗುರುತನ್ನು ದಾಟಿ ನಿಂತಿತ್ತು. ಹಾಗಾದರೆ ಹಳೆಯ ಆಯಿಲ್ ಲೀಟರಿನ ಹತ್ತಿರ ಒಳಗೇ ಉಳಿದಿರಲೇಬೇಕು. ಹೀರಿದ್ದನ್ನು ತೂಗಿ ನೋಡಿದೆ, 1,700 ಗ್ರಾಂ ಇತ್ತು. ನನ್ನ ತಕ್ಕಡಿಯಲ್ಲಿ ಒಂದು ಲೀಟರ್ ಆಯಿಲ್ ಸುಮಾರು 850 ಗ್ರಾಂ ತೂಗುತ್ತದೆ, ಅಂದರೆ ಬಂದದ್ದು ಎರಡೇ ಲೀಟರ್. ಟ್ಯೂಬ್ ಹೊರಗೆಳೆದಾಗ ಕಾರಣ ಕಣ್ಣಿಗೆ ಬಿತ್ತು. ಬಿಸಿಗೆ ಮೆತ್ತಗಾದ ಪಿವಿಸಿ ಚೇಂಬರಿನ ತಳ ಮುಟ್ಟಿ ಚಕ್ಕುಲಿಯಂತೆ ಸುತ್ತಿಕೊಂಡು, ಬಾಯನ್ನು ಮೇಲಕ್ಕೆ ಮಾಡಿ ಗಾಳಿ ಕುಡಿಯುತ್ತಿತ್ತು. ಅದು ಒಳಗೇ ತುಂಡಾಗಿದ್ದರೆ ಚೇಂಬರನ್ನೇ ಇಳಿಸಬೇಕಾಗುತ್ತಿತ್ತೆಂದು ನೆನೆದು ಅಂದು ರಾತ್ರಿ ನಿದ್ದೆ ಬರಲಿಲ್ಲ. ಗುರುತಿಗಿಂತ ಹೆಚ್ಚಿದ್ದ ಆಯಿಲನ್ನು ಮತ್ತೆ ಹೀರಿ ತೆಗೆದೆ. ಚೆಲ್ಲಿದ್ದು, ಹೀರಿದ್ದು ಎಲ್ಲ ಸೇರಿ ಎಂಟುನೂರು ರೂಪಾಯಿಯಷ್ಟು ನಷ್ಟ.

ಅಂದಿನಿಂದ ಮೂರು ಬದಲಾವಣೆ ಮಾಡಿಕೊಂಡೆ. ಮೊದಲನೆಯದು ಟ್ಯೂಬ್. ಎಸ್.ಜೆ.ಪಿ. ರಸ್ತೆಯಲ್ಲಿ ಗಾಳಿಯ ಒತ್ತಡದಿಂದ ನಡೆಯುವ ಯಂತ್ರಗಳಿಗೆ ಹಾಕುವ, ಹೊರಗೆ ಆರು ಮಿಲಿಮೀಟರ್ ಇರುವ ಗಟ್ಟಿ ಟ್ಯೂಬ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅಲ್ಲಿ ನಾಲ್ಕು ಬಗೆಯವನ್ನು ಕೊಂಡು, ಮನೆಯಲ್ಲಿ ಬಿಸಿ ಆಯಿಲಿನಲ್ಲಿ ಅರ್ಧ ಗಂಟೆ ಅದ್ದಿ ನೋಡಿ, ಒಂದನ್ನು ಆರಿಸಿಕೊಂಡೆ. ಆರುನೂರು ರೂಪಾಯಿ ಕಳೆದುಕೊಂಡು ಕಂಡುಕೊಂಡ ಆ ಒಂದು ಯಾವುದೆಂದು ಹೇಳುವ ಔದಾರ್ಯ ನನಗಿನ್ನೂ ಬಂದಿಲ್ಲ, ನೀವೂ ಅದ್ದಿ ನೋಡಿ. ಎರಡನೆಯದು ಅಳತೆ. ಟ್ಯೂಬಿನ ಪಕ್ಕದಲ್ಲಿ ಡಿಪ್‌ಸ್ಟಿಕ್ ಇಟ್ಟು ಗುರುತು ಹಾಕಿಕೊಂಡು, ತಳ ಮುಟ್ಟಿದ ಮೇಲೆ ಒಂದಿಷ್ಟು ಹಿಂದಕ್ಕೆಳೆದು ನಿಲ್ಲಿಸುತ್ತೇನೆ. ಮೂರನೆಯದು 350 ರೂಪಾಯಿಯ ತಕ್ಕಡಿ. ಅಡುಗೆಮನೆಯದನ್ನು ಮತ್ತೆ ಮುಟ್ಟಕೂಡದೆಂದು ಮನೆಯಲ್ಲಿ ಆಜ್ಞೆಯಾಗಿದ್ದರಿಂದ ಪ್ರತ್ಯೇಕವಾಗಿ ಕೊಂಡೆ. ಹೊರಬಂದದ್ದನ್ನು ತೂಗದೆ ಹೊಸದನ್ನು ಸುರಿಯುವವರು ನನ್ನ ಎಂಟುನೂರು ರೂಪಾಯಿಯನ್ನು ನೆನಪಿಸಿಕೊಳ್ಳಲಿ.

ಎಂಜಿನ್ ಬಿಸಿಯಿರುವಾಗಲೇ ಆಯಿಲ್ ತೆಗೆಯಬೇಕೆಂಬ ವಿಷಯ ನಿಮಗೆ ಗೊತ್ತಿದ್ದದ್ದೇ. ಆದರೂ 5ಡಬ್ಲ್ಯೂ-30 ದರ್ಜೆಯ ಆಯಿಲ್ ನೂರು ಡಿಗ್ರಿಯಲ್ಲಿ ಇರುವುದಕ್ಕಿಂತ ನಲವತ್ತು ಡಿಗ್ರಿಯಲ್ಲಿ ಐದಾರು ಪಟ್ಟು ಮಂದವಾಗಿರುತ್ತದೆಂಬುದನ್ನು ನಾಲ್ಕು ಮಿಲಿಮೀಟರ್ ಒಳಗಾತ್ರದ ಟ್ಯೂಬಿನಲ್ಲಿ ಹೀರುವವರು ಮರೆಯಬಾರದು. ಹತ್ತು ನಿಮಿಷ ಓಡಿಸಿ, ಐದು ನಿಮಿಷ ನಿಲ್ಲಿಸಿ ಹೀರಿದರೆ ಹದಿನೈದು ನಿಮಿಷದಲ್ಲಿ ಮುಗಿಯುವ ಕೆಲಸ, ಮುಂಜಾನೆಯ ತಣ್ಣನೆಯ ಎಂಜಿನ್ನಿನಲ್ಲಿ ಒಂದು ಗಂಟೆ ದಾಟಿದರೂ ಮುಗಿದಿರಲಿಲ್ಲ.

ಇನ್ನು ಪರೀಕ್ಷೆಯ ಮಾತು. 69,000ಕ್ಕೆ ಪಂಪನ್ನು ಹೊತ್ತುಕೊಂಡು ಕಲಾಸಿಪಾಳ್ಯದ ಗ್ಯಾರೇಜಿಗೇ ಹೋದೆ, ಭಾವನವರನ್ನೂ ಕರೆದುಕೊಂಡೇ ಹೋದೆ. ಗುಂಡಿಯ ಮೇಲೆ ಗಾಡಿ ನಿಲ್ಲಿಸಿ ಟ್ಯೂಬಿನಿಂದ ಹೀರಿದಾಗ 2 ಕಿಲೋ 480 ಗ್ರಾಂ, ಅಂದರೆ ಸುಮಾರು 2.9 ಲೀಟರ್ ಬಂತು. ಫಿಲ್ಟರಿನಲ್ಲಿ ಉಳಿಯುವುದನ್ನು ಬಿಟ್ಟರೆ ಬರಬೇಕಾದದ್ದು ಅಷ್ಟೇ. "ಈಗ ಬಿಚ್ಚಿ ಅಣ್ಣ" ಎಂದೆ. ಬೋಲ್ಟ್ ಬಿಚ್ಚಿದಾಗ ಮೊದಲು ಏನೂ ಬೀಳಲಿಲ್ಲ, ಆಮೇಲೆ ದಾರದಂತೆ ಸಣ್ಣಗೆ ಇಳಿಯಿತು, ಐದು ನಿಮಿಷಕ್ಕೆ ತೊಟ್ಟಿಕ್ಕುವುದಕ್ಕೆ ಬಂತು. ಅಳತೆ ಲೋಟದಲ್ಲಿ ಸುಮಾರು 70 ಮಿಲಿಲೀಟರ್ ಇತ್ತು. ಮೆಕ್ಯಾನಿಕ್ ಅದರಲ್ಲಿ ಬೆರಳಿಟ್ಟು ತಿಕ್ಕಿ, ಟಾರ್ಚ್ ಬೆಳಕಿಗೆ ಹಿಡಿದು ನೋಡಿದರು. ಅವರು ಹೇಳಿದ ಗಷ್ಟು ಅದರಲ್ಲಿರಲಿಲ್ಲ, ಟ್ಯೂಬಿನಿಂದ ಬಂದದ್ದರಷ್ಟೇ ಕಪ್ಪು, ಅಷ್ಟೇ ತೆಳು. ಅಷ್ಟಕ್ಕೇ ಸುಮ್ಮನಾಗದೆ, 76,000ಕ್ಕೆ ಅದೇ ಗ್ಯಾರೇಜಿನಲ್ಲಿ ತಿರುಗುಮುರುಗಾಗಿ ಮಾಡಿದೆ: ಮೊದಲು ಬೋಲ್ಟ್ ಬಿಚ್ಚಿ ಇಪ್ಪತ್ತು ನಿಮಿಷ ಪೂರ್ತಿ ಇಳಿಯಲು ಬಿಟ್ಟು, ಆನಂತರ ಟ್ಯೂಬ್ ಇಳಿಸಿದೆ. ಮತ್ತೆ 110 ಮಿಲಿಲೀಟರ್ ಬಂತು. ನನ್ನ ಚೇಂಬರಿನಲ್ಲಿ ಬೋಲ್ಟಿನ ತೂತು ತಳಕ್ಕಿಂತ ತುಸು ಮೇಲೆ, ಪಕ್ಕದ ಗೋಡೆಯಲ್ಲಿದೆ, ಟ್ಯೂಬ್ ಅದಕ್ಕಿಂತ ಕೆಳಕ್ಕೆ ಹೋಗುತ್ತದೆ. ಕಂಪನಿಯವರು ಇಟ್ಟ ತೂತನ್ನು ನನ್ನ ಆರು ಮಿಲಿಮೀಟರಿನ ಟ್ಯೂಬ್ ಸೋಲಿಸಿತು ಎಂದು ಬರೆಯಲು ನನಗೆ ಸಂಕೋಚವಿಲ್ಲ. ಬೋಲ್ಟನ್ನು ಅಳತೆಯಷ್ಟೇ ಬಿಗಿಯಲೆಂದು 1,900 ಕೊಟ್ಟು ಕೊಂಡಿದ್ದ ಟಾರ್ಕ್ ರೆಂಚ್ ಈಗ ಅಟ್ಟದ ಮೇಲೆ ವಿಶ್ರಾಂತಿಯಲ್ಲಿದೆ.

ಬೇಸ್‌ಮೆಂಟಿನ ನೆಲ ಚರಂಡಿಯ ಕಡೆಗೆ ಓರೆಯಾಗಿರುವುದರಿಂದ ಗಾಡಿಯ ಮುಖ ಯಾವ ಕಡೆಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ತಿರುಗಿಸಿ ನಿಲ್ಲಿಸಿದ್ದಕ್ಕೇ ನೂರು ಗ್ರಾಂ ಹೆಚ್ಚು ಬಂದದ್ದುಂಟು. ಆಯಿಲ್ ಟ್ಯೂಬಿನ ಕಡೆಗೆ ಸೇರಲೆಂದು ಈಗ ಒಂದು ಚಕ್ರವನ್ನು ಎರಡು ಅಂಗುಲದ ಮರದ ಹಲಗೆಯ ಮೇಲೆ ಹತ್ತಿಸುತ್ತೇನೆ. ಯಾವ ಚಕ್ರವೆಂಬುದು ಡಿಪ್‌ಸ್ಟಿಕ್ ಯಾವ ಕಡೆಗಿದೆ ಎನ್ನುವುದರ ಮೇಲೆ ನಿಂತಿದೆ.

ಕಾರಿನ ಕೈಪಿಡಿಯಲ್ಲಿ ಹತ್ತು ಸಾವಿರ ಕಿಲೋಮೀಟರ್ ಎಂದಿರುವಾಗ ಏಳು ಸಾವಿರಕ್ಕೇ ಏಕೆ ಬದಲಾಯಿಸುತ್ತೀಯೆಂದು ಹಲವರು ಕೇಳಿದ್ದಾರೆ. ಫೋನಿನಲ್ಲಿ ಒಂದು ತಿಂಗಳು ಅಳೆದಾಗ ನನ್ನ ಸರಾಸರಿ ವೇಗ ಗಂಟೆಗೆ 17 ಕಿಲೋಮೀಟರ್ ಇತ್ತು, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಕೆಲಸಕ್ಕೆ ಹೋಗುವವರಿಗೆ ಇದು ಅತಿಶಯವೆನಿಸದು. ಆ ಲೆಕ್ಕದಲ್ಲಿ ಏಳು ಸಾವಿರ ಕಿಲೋಮೀಟರಿಗೆ ಎಂಜಿನ್ ನಾನೂರು ಗಂಟೆಗೂ ಹೆಚ್ಚು ಉರಿದಿರುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ ಅರವತ್ತರಂತೆ ಅಷ್ಟೇ ಹೊತ್ತು ಓಡಿದ್ದರೆ ಇಪ್ಪತ್ತನಾಲ್ಕು ಸಾವಿರ ಕಿಲೋಮೀಟರ್ ಆಗಿರುತ್ತಿತ್ತು. ಇದನ್ನು ಕಣ್ಣಾರೆ ನೋಡಬೇಕೆಂದು ಕಾಗದದ ಮೇಲೆ ಆಯಿಲ್ ಹನಿಸಿ, ಅದು ಎಷ್ಟು ಕೆಟ್ಟಿದೆಯೆಂದು ಕಲೆಯಿಂದ ನೋಡುವ ಪ್ರಯೋಗಕ್ಕೂ ಕೈ ಹಾಕಿದೆ. ಹಳೆಯ ಮದುವೆಯ ಕಾಗದಗಳ ನುಣುಪಿಗೆ ಹನಿ ಹಾಗೆಯೇ ಕೂತಿತು, ಟಿಶ್ಯೂ ಕಾಗದದಲ್ಲಿ ಎಲ್ಲೆಡೆ ಹಬ್ಬಿತು, ಕೊನೆಗೆ ಮಗಳ ಚಿತ್ರದ ಹಾಳೆ ಒದಗಿತು. ಮೂರು ಸಾವಿರ ಕಿಲೋಮೀಟರ್ ಓಡಿದ ಆಯಿಲಿನ ಹನಿ ತಿಳಿಯಾಗಿ ಅಗಲಿಸಿ ಹರಡಿದರೆ, ಏಳು ಸಾವಿರದ ಹನಿಯ ನಡುವೆ ಕಾಡಿಗೆಯ ಬೊಟ್ಟಿನಂತೆ ಕಪ್ಪು ನಿಂತಿತ್ತು. ನನಗೆ ಅಷ್ಟು ಸಾಕಾಯಿತು.

ಫಿಲ್ಟರಿನ ಬಗ್ಗೆ ಒಂದು ಮಾತು. ಜೆ.ಸಿ. ರಸ್ತೆಯಲ್ಲಿ ಒಮ್ಮೆ ನಲವತ್ತು ರೂಪಾಯಿ ಕಡಿಮೆಗೆ ಸಿಕ್ಕಿತೆಂದು ತಂದ ಫಿಲ್ಟರ್ ಹಾಕಿದ ಮೇಲೆ, ಪ್ರತಿ ಬೆಳಿಗ್ಗೆ ಚಾಲೂ ಮಾಡಿದಾಗ ಎರಡು ಮೂರು ಸೆಕೆಂಡು ಟಕಟಕ ಸದ್ದು ಬರುತ್ತಿತ್ತು. ತೆಗೆದು ಗರಗಸದಿಂದ ಕೊಯ್ದು ನೋಡಿದರೆ, ಎಂಜಿನ್ ನಿಂತಾಗ ಆಯಿಲ್ ವಾಪಸು ಇಳಿಯದಂತೆ ತಡೆಯುವ ಒಳಗಿನ ರಬ್ಬರ್ ಕವಾಟ ಒಣಗಿದ ಚರ್ಮದಂತೆ ಸೆಟೆದುಕೊಂಡಿತ್ತು. ರಾತ್ರಿಯಿಡೀ ಆಯಿಲ್ ಕೆಳಗಿಳಿದು ಬೆಳಿಗ್ಗೆ ಎಂಜಿನ್ ಆಯಿಲಿಲ್ಲದೆ ಒಣಗಿಕೊಂಡೇ ತಿರುಗುತ್ತಿತ್ತು. ಈಗ ಅಸಲಿ ಫಿಲ್ಟರನ್ನೇ ತರುತ್ತೇನೆ, ತೆಗೆದ ಪ್ರತಿಯೊಂದನ್ನೂ ಕೊಯ್ದು ಮಡಿಕೆಗಳಲ್ಲಿ ಲೋಹದ ಪುಡಿಯಿದೆಯೇ ನೋಡುತ್ತೇನೆ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುವುದಾದರೆ, ಸೋತ ಪಂಪು, ಟ್ಯೂಬುಗಳು, ದಂಡ, ಕೊರಿಯರ್, ರೆಂಚ್ ಎಲ್ಲ ಸೇರಿ ಎಂಟು ಸಾವಿರದ ಸುಮಾರು ಹೋಗಿದೆ. ಈಗ ಪ್ರತಿ ಬಾರಿಗೂ ಆಯಿಲ್ ಮತ್ತು ಫಿಲ್ಟರಿಗೆ ಎರಡು ಸಾವಿರದ ನೂರರಷ್ಟಾಗುತ್ತದೆ. ಕೊನೆಯ ಸರ್ವಿಸ್ ಬಿಲ್ಲು 6,800 ಇತ್ತು, ಅದರಲ್ಲಿ ನಾನು ಕೇಳದ ಎರಡು "ಕ್ಲೀನಿಂಗ್" ಸೇರಿದ್ದವು. ಗೆದ್ದ ಮೊದಲೆರಡು ಬಾರಿಯಲ್ಲೇ ಹಾಕಿದ ಹಣ ವಾಪಸಾಯಿತು.

ತೆಗೆದ ಆಯಿಲನ್ನು ಹೊಸ ಆಯಿಲಿನ ಖಾಲಿ ಕ್ಯಾನಿಗೇ ತುಂಬಿಡುತ್ತೇನೆ. ಪಕ್ಕದ ಕಟ್ಟಡದ ಸೆಂಟ್ರಿಂಗ್ ಕೆಲಸದವರು ಹಲಗೆಗೆ ಬಳಿಯಲು ಬೇಕೆಂದು ಎರಡು ಬಾರಿ ಕೇಳಿದರು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅನುಮತಿಯುಳ್ಳ ಮರುಬಳಕೆದಾರರಿಗೇ ಹೋಗಬೇಕಾದದ್ದು, ಮಳೆ ಬಂದರೆ ಹಲಗೆಯ ಮೇಲಿನದು ರಾಜಕಾಲುವೆ ಸೇರುತ್ತದೆ. ಹಾಗಾಗಿ ಕೊಡದೆ, ಗ್ಯಾರೇಜಿನ ಪೀಪಾಯಿಗೆ ಸುರಿದು ಬರುತ್ತೇನೆ. ಅಲ್ಲಿಂದ ಅದನ್ನು ಪರವಾನಗಿ ಇರುವವರು ಒಯ್ಯುತ್ತಾರೆ.

ಹೋದ ವಾರ ಭಾವ ತಮ್ಮ ಗಾಡಿಯನ್ನೇ ತಂದು ನಿಲ್ಲಿಸಿ, "ಹಾಕಪ್ಪಾ ನಿನ್ನ ಸ್ಟ್ರಾ" ಎಂದರು. ಟ್ಯೂಬ್ ಒಂದಡಿಯಷ್ಟು ಇಳಿದು, ಒಳಗೆ ಏನಕ್ಕೋ ತಗುಲಿ ನಿಂತಿತು. ಮೂರು ಬಾರಿ ತಿರುಗಿಸಿ, ತುದಿಯನ್ನು ಓರೆಯಾಗಿ ಕತ್ತರಿಸಿ ಪ್ರಯತ್ನಿಸಿದರೂ ಮುಂದೆ ಹೋಗಲಿಲ್ಲ. ಒತ್ತಾಯ ಮಾಡುವ ಧೈರ್ಯ ನನಗಾಗಲಿಲ್ಲ. ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಅಟ್ಟದಿಂದ ಟಾರ್ಕ್ ರೆಂಚನ್ನೂ ಇಳಿಸಿ, ಭಾವನವರ ಕೈಗೆ ಟ್ರೇ ಕೊಟ್ಟು, ಬಹಳ ದಿನಗಳ ನಂತರ ಗಾಡಿಯ ಕೆಳಗೆ ನುಸುಳಿದೆ.